ಮೊದಲ ಬುಟ್ಟಿ

ಸೊಸೆ ಒಂದು ಅಣಬೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಆರಿಸಿಟ್ಟವುಗಳ ರಾಶಿಗೆ ಅಲ್ಲ, ಹಾಸಿದ ಬಿಳಿ ಬಟ್ಟೆಯ ಆಚೆ ಅಂಚಿಗೆ, ಒಂಟಿಯಾಗಿ.

ಅಣಬೆಯಮ್ಮ ಮೆಟ್ಟಿಲ ಮೇಲೆ ಕೂತು ಕಾಲಿಗೆ ಮೆತ್ತಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದಳು. ಸೊಸೆಯ ಕೈ ಆ ಕಡೆ ಹೋದದ್ದು ಕಂಡಿತು. ಕಂಡರೂ ತಲೆಯೆತ್ತಲಿಲ್ಲ. ಹುಡುಗಿ ಗಮನವಿಲ್ಲದೆ ಇಟ್ಟಿರಬೇಕು, ಈಗ ವಾಪಸು ಎತ್ತಿಕೊಳ್ಳುತ್ತಾಳೆ ಅಂದುಕೊಂಡಳು. ಹುಡುಗಿ ಎತ್ತಿಕೊಳ್ಳಲಿಲ್ಲ. ಅಂಗಳದಲ್ಲಿ ನಿಂತಿದ್ದವರ ಮಾತು ಒಬ್ಬೊಬ್ಬರದಾಗಿ ನಿಂತುಹೋಯಿತು.

ಬೀದಿಯ ಹಿಂದಿನ ಗುಡ್ಡದಲ್ಲಿ, ಎಲೆ ಉದುರುವ ಕಾಲದ ಮಳೆ ಎರಡು ದಿನ ಬಿಡದೆ ಹೊಡೆದು ಮೂರನೆಯ ದಿನ ಬಿಸಿಲು ಬಿದ್ದರೆ ಸಾಕು, ಹುಲ್ಲಿನ ನಡುವೆ ಬೆಳ್ಳಗೆ ಅಣಬೆ ಏಳುತ್ತದೆ. ಬೀದಿಯವರೆಲ್ಲ ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಾರೆ. ಆದರೆ ಯಾರ ಮನೆಯ ಅಣಬೆಯೂ ನೇರವಾಗಿ ಒಲೆಗೆ ಹೋಗುವುದಿಲ್ಲ. ಮೊದಲು ಈ ಅಂಗಳಕ್ಕೆ ಬರಬೇಕು, ಈ ಬಿಳಿ ಬಟ್ಟೆಯ ಮೇಲೆ ಬೀಳಬೇಕು, ಅಣಬೆಯಮ್ಮ ಒಂದೊಂದನ್ನೂ ಮಗುಚಿ, ಮೂಸಿ, ಬೆರಳಿನಿಂದ ಬುಡ ಸವರಿ ಹ್ಞೂ ಅನ್ನಬೇಕು. ತನ್ನ ಮಗ ತೊಟ್ಟಿಲಲ್ಲಿದ್ದಾಗಿನಿಂದ ಅವಳು ಈ ಕೆಲಸ ಮಾಡುತ್ತ ಬಂದಿದ್ದಳು. ಆ ಮಗ ಈಗ ಬಸ್ ಓಡಿಸುತ್ತಾನೆ. ಇಷ್ಟು ಕಾಲದಲ್ಲಿ ಅಣಬೆ ತಿಂದು ಈ ಬೀದಿಯ ಒಂದು ಮಗುವಿಗೂ ಹೊಟ್ಟೆ ನುಲಿದದ್ದಿಲ್ಲ. ಅಣಬೆಯಮ್ಮ ಅನ್ನುವ ಹೆಸರನ್ನು ಅವಳು ಚಿನ್ನದ ಸರದಂತೆ ಹಾಕಿಕೊಂಡು ಓಡಾಡುತ್ತಿದ್ದಳು.

ಅವಳದೇ ಒಂದು ಕಟ್ಟಳೆಯಿತ್ತು. ಕಿತ್ತವರು ನೋಡಬಾರದು, ನೋಡುವವರು ಬೇರೆಯಾಗಿರಬೇಕು. "ಬಗ್ಗಿ ಕಿತ್ತವರಿಗೆ ಆಸೆ ಇರತ್ತೆ ಕಣ್ರಪ್ಪ. ಸೊಂಟ ನೋಯಿಸ್ಕೊಂಡು ಕಿತ್ತಿದ್ದನ್ನ ಯಾರಾದ್ರೂ ಕೆಟ್ಟದ್ದು ಅಂತಾರಾ?" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಹಾಗಾಗಿ ಅವಳ ಸ್ವಂತ ಬುಟ್ಟಿಯನ್ನು ನೋಡುತ್ತಿದ್ದವಳು ಅವಳ ಓರಗಿತ್ತಿ. ಆ ಓರಗಿತ್ತಿ ಈ ಬೇಸಿಗೆಯಲ್ಲಿ ಊರು ಬಿಟ್ಟು ಮಗಳ ಮನೆಗೆ ಹೋಗಿದ್ದಳು.

ಇವತ್ತು ಈ ವರ್ಷದ ಮೊದಲ ಬುಟ್ಟಿ. ಮೊದಲ ಬುಟ್ಟಿ ಅಣಬೆಯಮ್ಮನದು, ಅದು ಇಡೀ ಬೀದಿಯ ಊಟ. ಎದುರು ಮನೆಯ ದರ್ಜಿಯ ಹೆಂಡತಿಯ ಹತ್ತಿರ ಬಾಣಲೆಯೊಂದಿತ್ತು, ಇಬ್ಬರು ಹಿಡಿದು ಎತ್ತಬೇಕಾದಂಥದ್ದು. ಅದನ್ನು ಆಗಲೇ ಒಲೆಗೇರಿಸಿ ಈರುಳ್ಳಿ ಹಾಕಿದ್ದಳು. ಬೀದಿಯ ತುಂಬ ಈರುಳ್ಳಿ ಕೆಂಪಗಾಗುವ ವಾಸನೆ.

ಬುಟ್ಟಿ ಯಾರು ನೋಡಬೇಕು ಅನ್ನುವ ಮಾತು ಬಂದಾಗ ದರ್ಜಿ ಮುಂದೆ ಬಂದಿದ್ದ. "ನಾನು ನೋಡ್ತೀನಕ್ಕ, ನನ್ನ ಕಣ್ಣಿಗೇನಾಗಿದೆ?"

"ನಿನ್ನ ಕಣ್ಣು ಸೂಜಿ ತೂತಿಗೆ ಸರಿ. ನನ್ನ ಬುಟ್ಟಿ ತೂತಲ್ಲ" ಎಂದು ಅಣಬೆಯಮ್ಮ ಅವನನ್ನು ಹಿಂದಕ್ಕೆ ಕಳಿಸಿ, ಬಾಗಿಲಲ್ಲಿ ನಿಂತಿದ್ದ ಸೊಸೆಗೆ, "ಏ ಹುಡುಗಿ, ನೀನು ಕೂತ್ಕೊ" ಅಂದಳು. ಮನೆಯವರಲ್ಲಿ ಯಾರಾದರೂ ಕೂತರಾಯಿತು ಅನ್ನುವುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಕಟ್ಟಳೆ ಕಟ್ಟಳೆಯೇ, ಆದರೆ ಅವಳ ಬುಟ್ಟಿಯಲ್ಲಿ ಓರಗಿತ್ತಿ ಯಾವತ್ತೂ ಏನನ್ನೂ ತೆಗೆದಿಟ್ಟಿರಲಿಲ್ಲ.

ಸೊಸೆ ಸೋಡಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಬೆಳಕಿನ ಹಲಗೆಯೊಂದರ ಮುಂದೆ ಕೂತು, ತೊಳೆದು ಬರುವ ಖಾಲಿ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದು, ಕೊಳೆ ಉಳಿದದ್ದು ಕಂಡರೆ ಎತ್ತಿ ಪಕ್ಕಕ್ಕಿಡುವುದು ಅವಳ ಕೆಲಸ. ಬೀದಿಯ ಹೆಂಗಸರು ಅವಳನ್ನು ಬಾಟ್ಲಿ ಎನ್ನುತ್ತಿದ್ದರು, ಬಾಯಿಗೆ ಬಿರಡೆ ಹಾಕಿಕೊಂಡಂತೆ ಇರುತ್ತಾಳೆ ಅನ್ನುವ ಕಾರಣವೂ ಸೇರಿ. ಈ ಮನೆಗೆ ಬಂದ ಮೇಲೆ ಅತ್ತೆಯ ಹಿಂದೆ ಗುಡ್ಡ ಹತ್ತಿದ್ದಳು, ಅತ್ತೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಕಲಿತಿದ್ದಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

"ಯಾಕಮ್ಮ, ಅದಕ್ಕೇನಾಯ್ತು?" ದರ್ಜಿ ಕುತ್ತಿಗೆ ಚಾಚಿ ಕೇಳಿದ.

ಸೊಸೆ ಮೆಟ್ಟಿಲ ಕಡೆ ತಿರುಗಿ, "ಅತ್ತೆ, ಇದಕ್ಕೆ ಬುಡ ಇಲ್ಲ" ಅಂದಳು.

ಅಣಬೆಯಮ್ಮ ಕಡ್ಡಿ ಬಿಸಾಡಿ ಎದ್ದು ಬಂದಳು. ಚಿಕ್ಕದೊಂದು ಅಣಬೆ, ಇನ್ನೂ ಕೊಡೆ ಬಿಚ್ಚಿರಲಿಲ್ಲ. ಅಡಿಯ ಪದರಗಳು ಇನ್ನೂ ಪೊರೆಯೊಳಗೇ ಇದ್ದವು, ತಿನ್ನುವ ಜಾತಿಗೆ ಬರುವ ನಸುಗೆಂಪು ಬಣ್ಣ ಬಂದಿದೆಯೋ ಇಲ್ಲವೋ ಹೇಳುವಂತಿರಲಿಲ್ಲ. ಅದರ ಕಾಲನ್ನು ನುಣ್ಣಗೆ ಕತ್ತರಿಸಲಾಗಿತ್ತು.

ಬುಡವಿಲ್ಲದ ಅಣಬೆ ಅಣಬೆಯೇ ಅಲ್ಲ ಎಂದು ಈ ಬೀದಿಗೆ ಕಲಿಸಿದವಳು ಅವಳೇ. ಗುಡ್ಡದ ಹುಲ್ಲು ಮುಗಿದು ಮರಗಳು ಶುರುವಾಗುವ ಕಡೆ ಇನ್ನೊಂದು ಜಾತಿ ಏಳುತ್ತದೆ. ಅದೂ ಬಿಳಿ, ನೋಡಲು ಇದರ ಜೊತೆಗೇ ಹುಟ್ಟಿದ ಹಾಗೆ. ಮಣ್ಣಿನೊಳಗೆ ಅದರ ಬುಡಕ್ಕೆ ಕಾಲುಚೀಲ ಹಾಕಿದಂತೆ ಒಂದು ಚೀಲವಿರುತ್ತದೆ, ಮರಿಯಾಗಿರುವಾಗ ಗುರುತು ಹಿಡಿಯಲು ಇರುವುದು ಅದೊಂದೇ. ಅದನ್ನು ತಿಂದವರು ಒಂದು ದಿನ ನಗುತ್ತ ಓಡಾಡಿಕೊಂಡಿರುತ್ತಾರೆ. ಆಮೇಲೆ ಯಾವ ಡಾಕ್ಟರ ಕೈಗೂ ದಕ್ಕುವುದು ಕಷ್ಟ. ಆದ್ದರಿಂದ ಬೆರಳು ತೂರಿಸಿ, ಮಣ್ಣು ಸಮೇತ ಎಬ್ಬಿಸಿ ತರಬೇಕು.

"ನನ್ನ ಕೈಯಾರೆ ಕಿತ್ತಿದ್ದು ಕಣೆ ಇದು" ಅಂದಳು ಅಣಬೆಯಮ್ಮ.

"ಕಿತ್ತಿಲ್ಲ ಅತ್ತೆ. ಕುಯ್ದಿದೀರಿ."

ಯಾರೋ ಕೆಮ್ಮಿದರು. ಅಣಬೆಯಮ್ಮನ ಕಿವಿ ಬಿಸಿಯಾಯಿತು. ಅದು ತಂತಿ ಬೇಲಿಯ ಆಚೆ ಇತ್ತು, ಮಂಡಿ ಊರಿ ತೂರಲು ಆಗಲಿಲ್ಲ, ಚಾಕು ಹಿಡಿದ ಕೈಯನ್ನಷ್ಟೇ ಚಾಚಿ ಕತ್ತರಿಸಿಕೊಂಡಿದ್ದಳು. ಮಂಡಿ ನೋವಿನ ವಿಷಯವನ್ನು ಇಷ್ಟು ಜನರ ಮುಂದೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಇದರ ಜೊತೆಯವನ್ನೆಲ್ಲ ಬುಡ ಸಮೇತ ತಂದಿದೀನಿ, ನೋಡು ಬೇಕಾದ್ರೆ. ಒಂದೇ ಸಾಲಲ್ಲಿ ಇದ್ದಿದ್ದು."

"ಅವನ್ನ ನೋಡಿದೆ ಅತ್ತೆ. ಅವೆಲ್ಲ ಚೆನ್ನಾಗಿವೆ."

"ಹಾಗಾದ್ರೆ ಅದೊಂದನ್ನ ಎಸೆದು ಏಳೇ ಮಾರಾಯ್ತಿ, ಹೊಟ್ಟೆ ಹಸೀತಿದೆ" ಎಂದ ಮಗ. ಬೆಳಗಿನ ಪಾಳಿ ಮುಗಿಸಿ ಬಂದವನು ಇನ್ನೂ ಖಾಕಿ ಅಂಗಿ ಬಿಚ್ಚಿರಲಿಲ್ಲ.

ಸೊಸೆ ಗಂಡನ ಮುಖ ನೋಡಿದಳು. ಅವಳ ಕೈ ಬಟ್ಟೆಯ ಮೇಲೇ ಇತ್ತು, ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಅದೊಂದನ್ನೇ ಎಸೆದ್ರೆ ಆಗಲ್ಲ. ಗುಡ್ಡದಿಂದ ಇಲ್ಲೀವರೆಗೂ ಬುಟ್ಟೀಲಿ ಉಜ್ಜಾಡ್ಕೊಂಡು ಬಂದಿದೆ. ಚೂರು ಯಾವುದಕ್ಕೆ ಅಂಟಿದೆಯೋ. ಒಂದರ ಮೇಲೆ ಅನುಮಾನ ಬಂದ್ರೆ ಇಡೀ ಬುಟ್ಟಿ ಗುಂಡಿಗೆ. ಅತ್ತೇನೇ ಹೇಳಿರೋದು."

"ಹೇಳಿರೋದೇನು, ಮಾಡಿರೋದು!" ದರ್ಜಿಗೆ ತಡೆಯಲಾಗಲಿಲ್ಲ. "ಹೋದ ವರ್ಷ ನನ್ನ ಬುಟ್ಟಿ ಹೋಯ್ತಲ್ಲಕ್ಕ. ನಾನು ಕಾಲಿಗೆ ಬೀಳೋದೊಂದು ಬಾಕಿ. ಕೇಳಿದ್ರಾ ನೀವು?"

"ನೀವು ಸುಮ್ನಿರಿ ಅಂದ್ರೆ" ಎಂದು ಅಂಗಳದ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅವನ ಹೆಂಡತಿ ಗದರಿದಳು. "ಅವರ ಬುಟ್ಟಿ, ಅವರ ಸೊಸೆ. ನಿಮ್ಮದೇನು ಮಧ್ಯೆ?"

ಅವರ ಸೊಸೆ ಅಂದ ಆ ಮಾತು ಅಣಬೆಯಮ್ಮನಿಗೆ ದರ್ಜಿಯ ಮಾತಿಗಿಂತ ಜೋರಾಗಿ ತಟ್ಟಿತು. ಅವಳು ಸೊಸೆಯ ಎದುರಿಗೆ ಬಂದು ನಿಂತಳು. ಬಿಸಿಲಿಗೆ ಅವಳ ನೆರಳು ಬಟ್ಟೆಯ ಮೇಲೆ ಉದ್ದಕ್ಕೆ ಬಿದ್ದು ಅಣಬೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು.

"ನೋಡು ಹುಡುಗಿ. ಇಷ್ಟು ಜನ ಎದುರಿಗಿದಾರೆ. ಅವರ ಮುಂದೆ ನಾನು ಹೇಳ್ತಿದೀನಿ, ಇದು ಒಳ್ಳೇದು. ಈಗ ನೀನು ಹೇಳು."

ಸೊಸೆ ಆ ಪುಟ್ಟ ಅಣಬೆಯನ್ನು ಇನ್ನೊಮ್ಮೆ ಎತ್ತಿಕೊಂಡಳು. ಮಗುಚಿದಳು, ಬೆಳಕಿಗೆ ಹಿಡಿದಳು, ಕತ್ತರಿಸಿದ ಕಾಲನ್ನು ಮೂಸಿದಳು. ಅವಸರ ಮಾಡಲಿಲ್ಲ. ಅಷ್ಟು ಜನ ಕಾಯುತ್ತಿದ್ದಾರೆ, ಎದುರುಮನೆಯಲ್ಲಿ ಈರುಳ್ಳಿ ಸೀಯುತ್ತಿದೆ, ಗಂಡ ಹುಬ್ಬು ಗಂಟಿಕ್ಕಿದ್ದಾನೆ. ಇದು ಯಾವುದೂ ಗೊತ್ತಿಲ್ಲದವಳಂತೆ ನೋಡಿ, ಮತ್ತೆ ಅದೇ ಅಂಚಿಗೆ ಇಟ್ಟಳು.

"ನನಗೆ ಅನುಮಾನ ಅತ್ತೆ" ಅಂದಳು.

ಆ ಅಂಗಳದಲ್ಲಿ ಆ ಮಾತಿನ ಮೇಲೆ ಇನ್ನೊಂದು ಮಾತು ಇರಲಿಲ್ಲ. ಆ ಮಾತನ್ನು ಇಷ್ಟು ವರ್ಷ ಆಡಿದವಳು ಅಣಬೆಯಮ್ಮ. ಎಷ್ಟೋ ಬುಟ್ಟಿಗಳ ಮುಂದೆ, ಎಷ್ಟೋ ಸಪ್ಪೆ ಮುಖಗಳ ಮುಂದೆ ಆಡಿದ್ದಳು. ತನ್ನ ಮುಂದೆ ಯಾರಾದರೂ ಆಡಿದ್ದನ್ನು ಕೇಳಿದ್ದು ಇದೇ ಮೊದಲು. ಅವಳು ಕಣ್ಣು ಮುಚ್ಚಿಕೊಂಡಳು. ತಂತಿ ಬೇಲಿ ಕಂಡಿತು, ಒದ್ದೆ ಹುಲ್ಲು ಕಂಡಿತು, ಸಾಲಾಗಿ ಎದ್ದು ನಿಂತ ಬಿಳಿ ತಲೆಗಳು ಕಂಡವು, ಅವನ್ನು ನೋಡಿ ತಾನು ಮಗುವಿನ ಹಾಗೆ ಹಿಗ್ಗಿದ್ದು ನೆನಪಾಯಿತು. ಬೇಲಿಯ ಆಚೆ, ಮರದ ನೆರಳಲ್ಲಿ, ಆ ಕೊನೆಯದು. ಅದರ ಬುಡ? ಚಾಕು ತಾಗಿದ್ದು ನೆನಪಿತ್ತು. ಬುಡ ಕಂಡದ್ದು ನೆನಪಿರಲಿಲ್ಲ.

ಕಣ್ಣು ತೆರೆದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಬಗ್ಗಿ ಬಟ್ಟೆಯ ನಾಲ್ಕು ಮೂಲೆಗಳನ್ನು ಒಟ್ಟುಗೂಡಿಸಿ ಗಂಟು ಹಿಡಿದೆತ್ತಿದಳು. ಬಾಣಲೆಯ ಕಡೆ ಹೊರಟಳು ಎಂದುಕೊಂಡು ದರ್ಜಿಯ ಹೆಂಡತಿ ದಾರಿ ಬಿಟ್ಟಳು. ಅಣಬೆಯಮ್ಮ ಹಿತ್ತಲಿಗೆ ನಡೆದಳು. ಗುಂಡಿಯ ಮೇಲೆ ಬಟ್ಟೆ ಕೊಡವಿದಳು. ಬೆಳಗಿನಿಂದ ಅವಳು ಬಗ್ಗಿ ಎದ್ದು ಕೂಡಿಸಿದ್ದೆಲ್ಲ ಪುಸಪುಸ ಸದ್ದು ಮಾಡುತ್ತ ಕೆಳಗೆ ಬಿತ್ತು. ನಾಯಿ ನರಿ ಬಾಯಿ ಹಾಕದ ಹಾಗೆ ಬೂದಿ ಸುರಿದು, ಮಣ್ಣೆಳೆದು, ಮೇಲೆ ಒಂದು ಕಲ್ಲನ್ನೂ ಇಟ್ಟಳು.

"ಬಟ್ಟೆ ಬಿಸಿನೀರಲ್ಲಿ ನೆನೆಸು. ಬುಟ್ಟಿ ಉಜ್ಜು" ಎಂದು ಅಂಗಳಕ್ಕೆ ವಾಪಸು ಬಂದು ಸೊಸೆಗೆ ಹೇಳಿ, ನಿಂತಿದ್ದವರ ಕಡೆ ತಿರುಗಿದಳು. "ಏನ್ ಹಾಗೆ ನೋಡ್ತಿದೀರಿ? ಬೆಂದಿರೋ ಈರುಳ್ಳಿ ಇದೆಯಲ್ಲ, ಅದನ್ನ ತಿನ್ನಿ."

ಹಾಗೇ ಆಯಿತು. ದರ್ಜಿಯ ಹೆಂಡತಿ ಬಾಣಲೆಗೆ ಒಂದಿಷ್ಟು ಆಲೂಗಡ್ಡೆ ಹೆಚ್ಚಿ ಹಾಕಿದಳು, ಯಾರದೋ ಮನೆಯಿಂದ ಮೊಟ್ಟೆ ಬಂತು, ಯಾರದೋ ಮನೆಯಿಂದ ಬ್ರೆಡ್ ಬಂತು. "ಅಣಬೆ ಊಟ ಭರ್ಜರಿಯಾಗಿದೆ, ಅಣಬೆ ಒಂದಿಲ್ಲ ಅಷ್ಟೆ" ಎಂದು ದರ್ಜಿ ಎರಡು ಸಲ ಬಡಿಸಿಕೊಂಡ. ಅಣಬೆಯಮ್ಮನೂ ತಿಂದಳು, ಬೆನ್ನು ನೆಟ್ಟಗಿಟ್ಟುಕೊಂಡು.

ಊಟವಾದ ಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಸೊಸೆ ತಟ್ಟೆ ತೊಳೆಯುತ್ತಿದ್ದಳು, ಅತ್ತೆ ಒರೆಸಿ ಇಡುತ್ತಿದ್ದಳು.

"ಕೋಪ ಬಂತಾ ಅತ್ತೆ?"

"ಬರದೆ ಇರತ್ತಾ? ಮೈಯೆಲ್ಲ ಉರೀತು." ಅಣಬೆಯಮ್ಮ ತಟ್ಟೆಯನ್ನು ಇನ್ನಷ್ಟು ಉಜ್ಜಿದಳು. "ಅದು ಒಳ್ಳೇದೇ ಆಗಿದ್ದಿರಬಹುದು, ಗೊತ್ತಾ?"

"ಇರಬಹುದು ಅತ್ತೆ."

"ಮತ್ತೆ?"

ಸೊಸೆ ನಲ್ಲಿ ನಿಲ್ಲಿಸಿದಳು. "ಕಾಣದೇ ಇರೋದನ್ನ ಕಂಡೆ ಅಂತ ಹೇಗೆ ಹೇಳ್ಲಿ?"

ಅಣಬೆಯಮ್ಮ ಒರೆಸಿದ ತಟ್ಟೆಯನ್ನೇ ಮತ್ತೊಮ್ಮೆ ಒರೆಸಿದಳು. ಸೊಸೆಯ ಕೈಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿ, ತನ್ನ ಹೆಗಲ ಮೇಲಿನ ಒಣ ಟವೆಲನ್ನು ತೆಗೆದು ಅವಳ ಹೆಗಲಿಗೆ ಹಾಕಿದಳು. "ಕೈ ನಡುಗ್ತಿತ್ತಲ್ಲೇ ನಿಂದು. ನಡುಗೋ ಕೈಯಲ್ಲೇ ಅದನ್ನ ಅಲ್ಲಿಗೇ ಇಟ್ಟೆಯಲ್ಲ" ಅಂದಳು. ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಅಣಬೆಯಮ್ಮ ತರಕಾರಿ ಅಂಗಡಿಗೆ ಹೋದಾಗ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಅಂಗಡಿಯವಳು ದನಿ ತಗ್ಗಿಸಿ, "ನಿಮ್ಮ ಸೊಸೆ ಹಂಗಾ ಮಾಡೋದು, ಅಷ್ಟು ಜನರ ಮುಂದೆ? ಅಯ್ಯೋ ಪಾಪ" ಅಂದಳು.

"ಪಾಪ ಯಾಕೆ?" ಅಣಬೆಯಮ್ಮನ ದನಿ ತಗ್ಗಲಿಲ್ಲ. ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದವರೂ ತಿರುಗಿ ನೋಡಿದರು. "ನನ್ನ ಬುಟ್ಟೀನೇ ಗುಂಡಿಗೆ ಹಾಕಿಸಿದ್ಲು ಕಣೆ! ನನ್ನದು! ಗಂಡ ಕಣ್ಣು ಬಿಟ್ಟ, ಹೆದರ್ಲಿಲ್ಲ. ನಾನು ಎದುರಿಗೇ ನಿಂತೆ, ನನಗೂ ಹೆದರ್ಲಿಲ್ಲ. ಇನ್ನು ಈ ಬೀದೀಲಿ ಯಾರಿಗೆ ಹೆದರ್ತಾಳೆ, ಹೇಳು?"

ಹಾಲಿನಂಗಡಿಯಲ್ಲಿ ಅದೇ ಕಥೆಯನ್ನು ಇನ್ನೊಮ್ಮೆ ಹೇಳಿದಳು. ಅಷ್ಟರಲ್ಲಿ ಬುಟ್ಟಿ ಸ್ವಲ್ಪ ದೊಡ್ಡದಾಗಿತ್ತು. ಮಗನ ಬಸ್ಸಿನ ಕಂಡಕ್ಟರನಿಗೆ ಸಂಜೆ ನಿಲ್ದಾಣದಲ್ಲಿ ಹೇಳುವ ವೇಳೆಗೆ ಅದು ಇಬ್ಬರು ಹೊರುವ ಬುಟ್ಟಿಯಾಗಿತ್ತು. "ಅಮ್ಮ, ನಿನ್ನ ಬುಟ್ಟಿ ಹೋಗಿದ್ದಕ್ಕೆ ನೀನೇ ಡಂಗುರ ಹೊಡೀತಿದೀಯಲ್ಲ" ಎಂದು ಮಗ ನಕ್ಕ.

"ಹೊಡೀತೀನಿ. ನಿನಗೇನು ಕಷ್ಟ? ನೀನು ಬಸ್ ಹೊಡಿ."

ಆ ವಾರದ ಕೊನೆಯಲ್ಲಿ ಮತ್ತೆ ಮಳೆ ಬಂತು. ರಜೆಯ ದಿನ ಬೆಳಿಗ್ಗೆ ಬಿಸಿಲು ಬಿದ್ದದ್ದೇ ತಡ, ಬೀದಿಗೆ ಬೀದಿಯೇ ಗುಡ್ಡದ ಮೇಲಿತ್ತು. ಮಧ್ಯಾಹ್ನ ಒಬ್ಬೊಬ್ಬರಾಗಿ ಬುಟ್ಟಿ ಹೊತ್ತು ಅಂಗಳಕ್ಕೆ ಬಂದವರು ಅಭ್ಯಾಸದಂತೆ ಮೆಟ್ಟಿಲ ಕಡೆ ನೋಡಿದರು. ಮೆಟ್ಟಿಲು ಖಾಲಿ ಇತ್ತು. ಅಂಗಳದ ನಡುವೆ ಬಟ್ಟೆ ಹಾಸಿತ್ತು, ಅದರ ಮುಂದೆ ಸೊಸೆ ಕೂತಿದ್ದಳು. ಬೆಳಿಗ್ಗೆ ಮನೆ ಬಿಡುವಾಗ ಅತ್ತೆಯೇ ಅವಳನ್ನು ಗುಡ್ಡಕ್ಕೆ ಬರಬೇಡ ಎಂದು ತಡೆದು, ಬಟ್ಟೆಯನ್ನು ಕೈಗೆ ಕೊಟ್ಟು ಹೋಗಿದ್ದಳು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಸಾಲು ನಿಂತರು. ಮೊದಲ ಬುಟ್ಟಿ ಬಿತ್ತು. ಸೊಸೆ ಮಗುಚಿದಳು, ಮೂಸಿದಳು, ಬುಡ ಸವರಿದಳು. ಯಾರೋ "ಬೇಗ ನೋಡಮ್ಮ ಬಾಟ್ಲಿ" ಅಂದಾಗ ತಲೆಯೆತ್ತದೆ, "ಬೇಗ ಬೇಕಿದ್ರೆ ಅಂಗಡೀಲಿ ಕೊಂಡ್ಕೊಳ್ಳಿ" ಎಂದಳು. ಸಾಲಿನಲ್ಲಿ ನಗು ಎದ್ದಿತು.

ಆಗ ಅಣಬೆಯಮ್ಮ ಗುಡ್ಡದ ದಾರಿಯಿಂದ ಇಳಿದು ಬಂದಳು. ಎರಡೂ ಮಂಡಿಗೆ ಕೆಸರು, ಉಗುರಿನ ಸಂದಿಯಲ್ಲಿ ಮಣ್ಣು. ಸಾಲನ್ನು ಒಮ್ಮೆ ತಲೆಯಿಂದ ಬಾಲದವರೆಗೆ ನೋಡಿದಳು, ದರ್ಜಿಯ ಹೆಂಡತಿಯ ಹಿಂದೆ ಹೋಗಿ ನಿಂತಳು.

"ಅಕ್ಕ, ಏನಿದು, ಮುಂದೆ ಬನ್ನಿ" ದರ್ಜಿ ಗಾಬರಿಯಿಂದ ಜಾಗ ಬಿಟ್ಟ. "ನಿಮ್ಮದೇ ಮನೆ, ನಿಮ್ಮದೇ ಅಂಗಳ."

"ನನ್ನ ಸರದಿ ಬರಲಿ" ಎಂದಳು ಅಣಬೆಯಮ್ಮ.

ಬುಟ್ಟಿಯನ್ನು ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡಳು. ಒದ್ದೆ ಹೆಣಿಗೆಯಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಮುಂದೆ ಯಾರದೋ ಬುಟ್ಟಿ ಖಾಲಿಯಾಯಿತು, ಸಾಲು ಒಂದು ಹೆಜ್ಜೆ ಸರಿಯಿತು. ಅವಳೂ ಸರಿದಳು.