ಓವಿದಿಯೊನ ಕೈಗೆ ಒಪ್ಪುವ ಪೆಟ್ಟಿಗೆ

ಮಿಲಾಗ್ರೊಸ್ ಮೂರು ಪೆಟ್ಟಿಗೆಗಳನ್ನು ಗಾಜಿನ ಕೌಂಟರ್ ಮೇಲೆ ಸಾಲಾಗಿ ಇಟ್ಟಳು. ಮೂರೂ ಹೆಚ್ಚುಕಡಿಮೆ ಅಂಗೈಯಗಲದವು, ಮೂರೂ ಕಪ್ಪು. ಓವಿದಿಯೊ ರೆಂತಾಸ್‌ಗೆ ಮೂರರ ಮೇಲೂ ಒಂದೇ ಸಮನಾದ ತಾತ್ಸಾರ.

"ಇಷ್ಟೇನಾ?" ಎಂದ. "ಇದು ನನ್ನ ಎಂಜಿನ್ನಿಗೆ ಬುದ್ಧಿ ಹೇಳುತ್ತಂತಾ?"

"ನಿಮಗೆ ಯಾರೂ ಹೇಳೋಕಾಗಲ್ಲ, ಎಂಜಿನ್ನಿಗಾದ್ರೂ ಹೇಳ್ಲಿ ಬಿಡಿ," ಎಂದಳು ಮಿಲಾಗ್ರೊಸ್. ಗ್ವಾಯಾಮ ಪಟ್ಟಣದಲ್ಲಿ ಕಾರಿನ ಬಿಡಿಭಾಗ ಮಾರುತ್ತಾ ಮೂವತ್ತು ವರ್ಷ ಕಳೆದವಳು, ಮೆಕ್ಯಾನಿಕ್‌ಗಳ ಗತ್ತಿಗೆಲ್ಲ ಸೊಪ್ಪು ಹಾಕುವವಳಲ್ಲ.

ಅರವತ್ತೇಳರ ಓವಿದಿಯೊ ನಲವತ್ತು ವರ್ಷ ಎಂಜಿನ್‌ಗಳನ್ನು ಕಿವಿಯಿಂದಲೇ ಹದಕ್ಕೆ ತಂದವನು. ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, "ಈಗ ಹಾಡ್ತಾ ಇದೆ" ಎಂದರೆ ಮುಗಿಯಿತು. ಕಿಡಿ ಯಾವ ಗಳಿಗೆಯಲ್ಲಿ ಹೊಡೆಯಬೇಕು ಎಂಬುದನ್ನು ಆ ತಿರುವೇ ತೀರ್ಮಾನಿಸುತ್ತಿತ್ತು. ಅದರ ಬೋಲ್ಟನ್ನು ಸ್ಪ್ಯಾನರ್‌ನಿಂದ ಬಿಗಿಯುವ ಪದ್ಧತಿಯೇ ಅವನಲ್ಲಿರಲಿಲ್ಲ. ಬೆರಳಿನಲ್ಲಿ ಬಿಗಿದಷ್ಟೇ, ನಾಳೆ ಮತ್ತೆ ತಿರುಗಿಸಬೇಕಲ್ಲ.

ಮಗಳು ನೊಯೆಲಿಯ, ಮನೆಯಲ್ಲಿದ್ದ ಎಂಬತ್ತೆರಡರ ಮಾಡೆಲ್ ಕೊರೊಲ್ಲ ಕಾರಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿ ಸಲೀನಾಸ್‌ನ ಕಾಲು ಮೈಲಿ ಕಾರ್ ಓಟಕ್ಕೆ ಇಳಿದಳು ನೋಡಿ, ಅಲ್ಲಿಂದ ಅಪ್ಪನ ಕಿವಿ ಕೈಕೊಡತೊಡಗಿತು. ಟರ್ಬೊ ಎಂಜಿನ್ನಿನಲ್ಲಿ ಕಿಡಿ ಒಂದು ಚೂರು ಬೇಗ ಹೊಡೆದರೂ ಪಿಸ್ಟನ್ ಕರಗಿಹೋಗುತ್ತದೆ. ಎರಡು ಎಂಜಿನ್ ಹಾಗೇ ಹೋದವು. ಎರಡನೆಯದು ಹೋಗುವಾಗ ಬಿಸಿ ಎಣ್ಣೆ ಚಿಮ್ಮಿ, ಬೆಂಕಿ ಹತ್ತಿ, ನೊಯೆಲಿಯಳ ಬಲಗೈ ಮೊಣಕೈವರೆಗೆ ಸುಟ್ಟಿತು. ಬ್ಯಾಂಡೇಜ್ ಬಿಚ್ಚಿದ ದಿನ ಅವಳು ಅಪ್ಪನಿಗೆ ಹೇಳಿದ್ದು ಇಷ್ಟೇ: "ನಾನು ಓಡಿಸೋದು ಬಿಡಲ್ಲ ಅಪ್ಪಾ. ನೀನು ತಿರುಗಿಸೋದು ಬಿಡು." ಆ ಮಾತಿನ ಮೇಲೆ ಅವನಿಗೆ ಒಂದು ವಾರ ಅನ್ನ ರುಚಿಸಲಿಲ್ಲ. ಕಿಡಿಯ ಗಳಿಗೆಯನ್ನು ತಾನೇ ನಿರ್ಧರಿಸುವ ಎಂಜಿನ್ ಕಂಪ್ಯೂಟರ್ ಕೊಳ್ಳಲು ಬಂದದ್ದು ಅದಕ್ಕೇ.

ಅವನು ಮೂರರಲ್ಲಿ ಚಿಕ್ಕದನ್ನು ಎತ್ತಿಕೊಂಡ. ಅದರ ಪುಸ್ತಕವೂ ತೆಳ್ಳಗಿತ್ತು. "ಇದೇ ಸಾಕು. ಇರೋ ಡಿಸ್ಟ್ರಿಬ್ಯೂಟರ್‌ಗೇ ತಗುಲಿಸ್ಬಹುದಂತೆ."

"ಟ್ಯೂನ್ ಮಾಡೋರು ಯಾರು?"

"ಪುಸ್ತಕ ಇದೆಯಲ್ಲ."

"ಗಂಡೇ ಗೊತ್ತಿಲ್ದೆ ಉಂಗುರ ಕೊಳ್ಳೋಕೆ ಬಂದಿದೀರಲ್ಲ," ಎಂದಳು ಮಿಲಾಗ್ರೊಸ್. "ಪೆಟ್ಟಿಗೆ ಯಾವುದಾದ್ರೂ ಆಗುತ್ತೆ. ಲ್ಯಾಪ್‌ಟಾಪ್ ಹಿಡ್ಕೊಂಡು ಪಕ್ಕದ ಸೀಟಲ್ಲಿ ಕೂರೋನು ಯಾರು, ಅದನ್ನ ಮೊದ್ಲು ನೋಡಿ. ದ್ವೀಪದ ಈ ದಿಕ್ಕಲ್ಲಿ ಆ ಕೆಲಸ ಬಲ್ಲೋನು ಒಬ್ಬನೇ. ಹೆಸರು ನಾನೇ ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ಅವನು ಎರ್ಮಿನಿಯೊ. ನೊಯೆಲಿಯಳ ಬ್ಯಾಪ್ಟಿಸಂ ದಿನ ಮಗುವನ್ನು ಎತ್ತಿಕೊಂಡು ನಿಂತ ಧರ್ಮಪಿತ, ಹಾಗಾಗಿ ಓವಿದಿಯೊನಿಗೆ ಸಾಯುವವರೆಗೂ ಕಂಪಾದ್ರೆ, ಬೀಗನಷ್ಟೇ ಹತ್ತಿರದ ನಂಟ. ಕಂಪಾದ್ರೆಗಳು ಒಬ್ಬರಿಗೊಬ್ಬರು ನೀವು ಎಂದೇ ಅನ್ನಬೇಕು, ಬೈದಾಡುವಂತಿಲ್ಲ. ಇಬ್ಬರೂ ಇಪ್ಪತ್ತು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದವರು. ಒಂದು ಬೆಳಿಗ್ಗೆ ಎರ್ಮಿನಿಯೊ ಲ್ಯಾಪ್‌ಟಾಪ್ ತಂದಾಗ ಓವಿದಿಯೊ, "ಆ ಟೈಪ್‌ರೈಟರನ್ನ ಹೊರಗಿಟ್ಟು ಬನ್ನಿ, ಕಂಪಾದ್ರೆ" ಎಂದಿದ್ದ. ಎರ್ಮಿನಿಯೊ ಅದನ್ನು ಹೊರಗಿಡಲು ಹೋದವನು ತಾನೂ ತಿರುಗಿ ಬರಲಿಲ್ಲ. ಬೈಗುಳಕ್ಕೆ ಅವಕಾಶವಿದ್ದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಜಗಳ, ಮರ್ಯಾದೆಯ ದೆಸೆಯಿಂದ ಒಂಬತ್ತು ವರ್ಷ ನಡೆಯಿತು.

ಬೇಡದ ಎರಡನ್ನು ವಾಪಸ್ ಕೊಡುವ ಮಾತಿನ ಮೇಲೆ ಓವಿದಿಯೊ ಮೂರೂ ಪೆಟ್ಟಿಗೆಗಳನ್ನು ಚೀಲಕ್ಕೆ ಹಾಕಿಸಿಕೊಂಡು, ಅರ್ಧ ಗಂಟೆ ಎರ್ಮಿನಿಯೊನ ಬೀದಿಯ ತುದಿಯಲ್ಲಿ ಕಾರಿನೊಳಗೆ ಕೂತಿದ್ದ. ಚಿಕ್ಕ ಪೆಟ್ಟಿಗೆಯ ಪುಸ್ತಕ ತಿರುವಿ ಹಾಕಿದ. ಅರ್ಥವಾದದ್ದು ಒಂದೇ ಸಾಲು: ಒಮ್ಮೆ ಹೊಂದಿಸಿದ ಮೇಲೆ ಡಿಸ್ಟ್ರಿಬ್ಯೂಟರನ್ನು ಅಲುಗಿಸಬಾರದು, ಅಲುಗಿದರೆ ಕಂಪ್ಯೂಟರ್ ಹೇಳುವ ಗಳಿಗೆಯೇ ಬೇರೆ, ಕಿಡಿ ಹೊಡೆಯುವ ಗಳಿಗೆಯೇ ಬೇರೆ. ಅವನು ಅದನ್ನು ನಾಲ್ಕು ಸಲ ಓದಿಕೊಂಡ.

ಎರ್ಮಿನಿಯೊ ಬಾಗಿಲಲ್ಲೇ ಸಿಕ್ಕ. ತಲೆ ಪೂರಾ ಬೆಳ್ಳಗಾಗಿತ್ತು. ಚೀಲ ನೋಡಿದ, ಮುಖ ನೋಡಿದ. "ಕಾಫಿ ಕುಡೀತೀರಾ, ಕಂಪಾದ್ರೆ?" ಎಂದ, ನಿನ್ನೆ ತಾನೇ ಕುಡಿದು ಎದ್ದವರ ಹಾಗೆ.

ಎರಡನೆಯ ಲೋಟದ ಹೊತ್ತಿಗೆ ಪೆಟ್ಟಿಗೆಗಳು ಮೇಜಿನ ಮೇಲೆ ಬಂದವು. ದೊಡ್ಡದನ್ನು ಎರ್ಮಿನಿಯೊ ಮುಟ್ಟಲೂ ಇಲ್ಲ. "ಇದರಲ್ಲಿ ವಿಮಾನ ಹಾರ್ಸ್ಬಹುದು. ನಮಗಿರೋದು ಒಂದು ಕೊರೊಲ್ಲ." ಚಿಕ್ಕದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. "ಒಳ್ಳೇ ಪೆಟ್ಟಿಗೇನೇ. ಆದ್ರೆ ನಿಮಗಾಗಲ್ಲ."

"ನನಗೆ ಯಾಕಾಗಲ್ಲ?"

"ನಿಮಗಾಗಲ್ಲ, ಕಂಪಾದ್ರೆ. ಅಷ್ಟೇ."

ಕೋಣನ ಮುಂದೆ ಕಿನ್ನರಿ ಎಂದು ಬಾಯಿಬಿಟ್ಟು ಹೇಳಿದ್ದರೂ ಓವಿದಿಯೊನಿಗೆ ಇಷ್ಟು ಉರಿಯುತ್ತಿರಲಿಲ್ಲ. ಎದ್ದು ಹೋಗಬೇಕೆಂದುಕೊಂಡ. ಮಗಳ ಮೊಣಕೈಯ ಸುಟ್ಟ ಚರ್ಮ ಕಣ್ಣ ಮುಂದೆ ಬಂತು, ಅವನು ಕೂತೇ ಇದ್ದ. "ನಾನು ಪುಸ್ತಕ ಓದಿದೀನಿ," ಎಂದ. "ಡಿಸ್ಟ್ರಿಬ್ಯೂಟರ್ ಮುಟ್ಟಲ್ಲ. ನಮ್ಮಮ್ಮನಾಣೆ."

ಎರ್ಮಿನಿಯೊ ಅವನ ಮುಖ ನೋಡಲಿಲ್ಲ, ಕೈ ನೋಡಿದ. "ಸರಿ," ಎಂದು ಮೂರನೆಯ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಇದನ್ನ ಹಾಕೋಣ."

ಎರಡು ವಾರ ಕೆಲಸ ನಡೆಯಿತು. ಎರ್ಮಿನಿಯೊ ಎಂಜಿನ್ನಿನ ಮುಂಭಾಗಕ್ಕೆ ಹಲ್ಲಿನ ಚಕ್ರವೊಂದನ್ನು ಕೂರಿಸಿ, ಪಕ್ಕದಲ್ಲಿ ಬೆರಳುದ್ದದ ಸೆನ್ಸರ್ ಇಟ್ಟ. ಏನದು ಎಂದರೆ "ಸುತ್ತು ಎಣಿಸೋಕೆ" ಎಂದ. ಡಿಸ್ಟ್ರಿಬ್ಯೂಟರ್ ಅದರ ಜಾಗದಲ್ಲೇ ಇತ್ತು. ಓವಿದಿಯೊ ಅದರ ಹತ್ತಿರ ಸುಳಿಯುವಾಗಲೆಲ್ಲ ಕೈಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ, ಅಥವಾ ಹಾಗೆಂದು ಅಂದುಕೊಂಡಿದ್ದ.

ಭಾನುವಾರ ಮಧ್ಯಾಹ್ನ ಸಲೀನಾಸ್‌ನಲ್ಲಿ ಬಿಸಿಲು ತಲೆ ಸೀಳುತ್ತಿತ್ತು. ಓಟದ ಸಾಲಿನಲ್ಲಿ ಕೊರೊಲ್ಲದ ಮುಂದೆ ಆರು ಕಾರುಗಳಿದ್ದವು. ಎಂಜಿನ್ ತಣಿಯಲೆಂದು ಬಾನೆಟ್ ಎತ್ತಿಟ್ಟು, ಓವಿದಿಯೊ ಪಕ್ಕದ ಕಾರಿನವನ ಜೊತೆ ಹರಟುತ್ತಾ ನಿಂತ. ಸಾಲು ಸರಿಯಿತು. ನೊಯೆಲಿಯ ಹೆಲ್ಮೆಟ್ಟಿನೊಳಗಿಂದ ಕೂಗಿದಳು, ಅವನು ಬಾನೆಟ್ ಇಳಿಸಿದ, ಕಾರು ಮುಂದಕ್ಕೆ ಹೋಯಿತು.

ಬೆವರು ಒರೆಸಿಕೊಳ್ಳಲು ಕೈ ಎತ್ತಿದಾಗ ಕಂಡಿತು. ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಹಸಿ ಎಣ್ಣೆಮಸಿ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಹರಟುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಒಳಗೆ ಹೋಗಿ, ಡಿಸ್ಟ್ರಿಬ್ಯೂಟರನ್ನು ಹುಡುಕಿ, ತಿರುಗಿಸಿ ಬಂದಿತ್ತು. ಎಷ್ಟು ತಿರುಗಿಸಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಅವನು ಓಡಿದ. ಕೀಲು ಸವೆದ ಮೊಣಕಾಲಿನಲ್ಲಿ, ಕಾರುಗಳ ನಡುವೆ, "ನಿಲ್ಲು, ನೊಯೆಲಿಯ, ನಿಲ್ಲು" ಎನ್ನುತ್ತಾ. ಟರ್ಬೊಗಳ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. ಬೇಲಿಯ ಹತ್ತಿರ ಕಾವಲಿನವನು ತೋಳು ಹಿಡಿದ. ಓಟದ ದೀಪಕಂಬದಲ್ಲಿ ಹಳದಿ ಹತ್ತಿತು, ಆಮೇಲೆ ಹಸಿರು. ಕೊರೊಲ್ಲ ಮೂತಿ ಎತ್ತಿ ಜಿಗಿಯಿತು.

ಓವಿದಿಯೊ ಕಣ್ಣು ಮುಚ್ಚಿದ. ಜೀವ ಬಾಯಿಗೆ ಬಂದಿತ್ತು. ನಲವತ್ತು ವರ್ಷದ ಕಿವಿ ಆ ಒಂದು ಠಪ್ ಎಂಬ ಸದ್ದಿಗೆ ಕಾದು ನಿಂತಿತು. ಎರಡನೆಯ ಗೇರು. ಮೂರು. ನಾಲ್ಕು. ಎಂಜಿನ್ ಹಾಡುತ್ತಲೇ ಇತ್ತು, ಹಾಡುತ್ತಲೇ ದೂರವಾಯಿತು. ಆಮೇಲೆ ಜನ ಕೇಕೆ ಹಾಕಿದರು. ಹತ್ತು ಸೆಕೆಂಡಿಗೆ ಒಂದು ಚೂರು ಕಡಿಮೆ ಎಂದು ಧ್ವನಿವರ್ಧಕ ಹೇಳಿತು. ಕಣ್ಣು ಬಿಟ್ಟರೆ, ದೂರದಲ್ಲಿ ಕಾರು ನೆಟ್ಟಗೆ ನಿಂತಿತ್ತು, ಕಿಟಕಿಯಿಂದ ಒಂದು ಬಲಗೈ ಹೊರಚಾಚಿ ಬೀಸುತ್ತಿತ್ತು. ಹೋದ ಜೀವ ಬಂದ ಹಾಗಾಯಿತು. ಹಳೆಯ ಟೈರೊಂದರ ಮೇಲೆ ಕೂತು, ನಾಚಿಕೆಯಿಲ್ಲದೆ ಅತ್ತ.

ಎರ್ಮಿನಿಯೊ ವ್ಯಾನಿನ ಹಿಂಭಾಗದಲ್ಲಿ ಲ್ಯಾಪ್‌ಟಾಪ್ ಮುಂದೆ ಆಲ್ಕಪೂರಿಯ ಎಂಬ ಕರಿದ ತಿಂಡಿ ತಿನ್ನುತ್ತಿದ್ದ. ಓವಿದಿಯೊ ಮಸಿ ಹತ್ತಿದ ಬೆರಳುಗಳನ್ನು ಅವನ ಮುಖದ ಮುಂದೆ ಹಿಡಿದ. "ಕಂಪಾದ್ರೆ, ಆಣೆ ಮುರಿದೆ. ದೇವರು ದೊಡ್ಡೋನು, ಮಗು ಉಳೀತು. ನೀವು ಏನು ಬೇಕಾದ್ರೂ ಅನ್ನಿ, ನೀನು ಅಂತ್ಲೇ ಅನ್ನಿ."

"ಬುಧವಾರದಿಂದ ಇದು ಐದನೇ ಸಲ," ಎಂದ ಎರ್ಮಿನಿಯೊ.

"ಏನು?"

"ಡಿಸ್ಟ್ರಿಬ್ಯೂಟರ್ ಮೇಲೆ ಬಿಳೀ ಬಣ್ಣದ ಗೀಟು ಎಳೆದಿದೀನಿ. ನೀವು ಹೋದ ಮೇಲೆ ದಿನಾ ನೋಡ್ತೀನಿ, ಗೀಟು ಸರಿದಿರುತ್ತೆ." ಕೈ ಒರೆಸಿಕೊಂಡ. "ಆ ಚಿಕ್ಕ ಪೆಟ್ಟಿಗೆ ಗಳಿಗೆ ನೋಡೋದು ಡಿಸ್ಟ್ರಿಬ್ಯೂಟರ್ ನೋಡಿ. ಅದಕ್ಕೇ ನಿಮಗಾಗಲ್ಲ ಅಂದೆ. ಇದು ನೋಡೋದು ಮುಂದಿನ ಹಲ್ಲಿನ ಚಕ್ರ. ಡಿಸ್ಟ್ರಿಬ್ಯೂಟರ್ ಬರೀ ಕಿಡಿ ಹಂಚುತ್ತೆ. ನೀವು ಕೂದಲೆಳೆ ತಿರುಗಿಸಿದ್ರೆ ಅದಕ್ಕೇನೂ ಆಗಲ್ಲ."

ಓವಿದಿಯೊ ತನ್ನ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡ. "ಸ್ಪ್ಯಾನರ್ ಹಾಕಿ ಬೋಲ್ಟ್ ಬಿಗಿದುಬಿಡ್ಬಹುದಿತ್ತಲ್ಲ," ಎಂದ ಕೊನೆಗೆ.

"ಬಿಗೀಬಹುದಿತ್ತು. ನಲವತ್ತು ವರ್ಷ ದುಡಿದ ಕೈ, ಕಂಪಾದ್ರೆ. ಅದಕ್ಕೂ ಒಂದು ಜಾಗ ಬೇಡ್ವಾ?"

ಓವಿದಿಯೊ ಆ ಬಿಳಿ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟ, ಮಸಿಯೆಲ್ಲ ಕೂದಲಿಗೆ ಹತ್ತಿತು. ಒಂಬತ್ತು ವರ್ಷ ತಾನು ಎಂಥ ಪೆದ್ದ ಎಂದು ಅವನಿಗೆ ಅನ್ನಿಸಿದ್ದು ಆಗಲೇ.

ನೊಯೆಲಿಯ ನಗುತ್ತಾ ಕಾರು ತಂದು, ಎಂಜಿನ್ ಆರಿಸದೆ ನಿಲ್ಲಿಸಿದಳು. ಅರ್ಧ ಗಂಟೆಯಲ್ಲಿ ಎರಡನೆಯ ಸುತ್ತು. ಓವಿದಿಯೊ ಬಾನೆಟ್ ಎತ್ತಿದ, ಈ ಸಲ ಎಲ್ಲರೆದುರಿಗೇ ಕೈ ಒಳಗೆ ಹಾಕಿ, ಕಣ್ಣು ಮುಚ್ಚಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದ. ಮಗಳ ನಗು ನಿಂತಿತು. ಎರ್ಮಿನಿಯೊ ಅವಳ ಸುಟ್ಟ ಕೈಯನ್ನು ಮೆಲ್ಲಗೆ ಹಿಡಿದು ಸುಮ್ಮನಿರಿಸಿದ.

"ಈಗ ಹಾಡ್ತಾ ಇದೆ," ಎಂದ ಓವಿದಿಯೊ.

ಎರ್ಮಿನಿಯೊ ಲ್ಯಾಪ್‌ಟಾಪ್ ಬದಿಗಿಟ್ಟು ಬಗ್ಗಿ ಕಿವಿಗೊಟ್ಟ. "ಒಂದೆಳೆ ಜಾಸ್ತಿ ಆಯ್ತೇನೋ, ಕಂಪಾದ್ರೆ," ಎಂದ.