ಸುಣ್ಣದ ಮೇಲೆ ಕೆಮ್ಮಣ್ಣು

“ತುಳಿ ರಂಡಿ, ತುಳಿ. ಕೋಳಿ ಹೆಜ್ಜಿ ಇಟ್ಟಂಗ ಇಡಬ್ಯಾಡ. ಪೂರಾ ಅಂಗಾಲು ಊರು.”

ಸಾವುಕಾರ ವಿಶ್ವರಾಧ್ಯ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಕೂಗುತ್ತಿದ್ದ. ಗದ್ದೆಗೆ ಇಳಿಯುವ ದಾರಿಗೆ ಅಡ್ಡಲಾಗಿ, ಒಂದು ಹೊರಸಿನಷ್ಟು ಅಗಲಕ್ಕೆ ನೆಲದ ಮೇಲೆ ಸುಣ್ಣ ಬಳಿದಿತ್ತು. ನಡುವೆ ಕೆಮ್ಮಣ್ಣಿನ ದೊಡ್ಡ ಬೊಟ್ಟು. ಪಂಚಾಯಿತಿಯ ಬಿಲ್ ಕಲೆಕ್ಟರ್ ಶಾಂತಕುಮಾರ ಬೆಳಿಗ್ಗೆ ಆರಕ್ಕೇ ಬಂದು ಬಳಿದಿದ್ದ. ಉಗುರಲ್ಲಿ ಕೆಮ್ಮಣ್ಣು ಇನ್ನೂ ಹಾಗೇ ಇತ್ತು. ಆ ಕೈಯಲ್ಲೇ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದ.

ಬೈಸಿಕೊಂಡವಳು ಕರೆಮ್ಮ. ತಿಂಥಣಿಯ ಹೊಲಗೇರಿಯಿಂದ ನಾಟಿಗೆ ಬರುವ ಹತ್ತು ಹೆಂಗಸರಿಗೆ ಅವಳೇ ಮುಂದಾಳು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನಿಂತಿದ್ದಳು.

“ಯಾರ್ದು ಸಾವ್ಕಾರ್ರ ಈ ಝಂಡಾ?”

“ಬಾಂಗ್ಲಾದ್ದು. ಟಿವಿ ನೋಡಂಗಿಲ್ಲೇನು ನಿಮ್ಮ ಮಂದಿ? ಇವತ್ತ ಇದನ್ನ ತುಳದವ್ರೇ ನನ್ನ ಗದ್ದಿಗೆ ಇಳೀಬೇಕು.”

“ತುಳಿಯಾಕ ನನಗೇನ್ರಿ. ನಿಮ್ಮ ಓಣ್ಯಾಗ ಈ ಕಾಲು ಇಟ್ರ ಹಿಂದಿಂದ ನೀರು ಹಾಕಿ ತೊಳೀತೀರಿ. ಇವತ್ತ ಮೈಲಿಗಿ ಮಾಡಾಕ ಇದೇ ಕಾಲು ಬೇಕಾದ್ವು, ಅದಕ್ಕ ಕೇಳ್ದೆ.”

ಹಿಂದಿದ್ದವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ವಿಶ್ವರಾಧ್ಯ ಕೈಯಲ್ಲಿದ್ದ ಬಾರುಕೋಲಿನಿಂದ ಮಡ್‌ಗಾರ್ಡಿಗೆ ಒಂದು ಬಾರಿಸಿದ.

“ನಾಲಿಗಿ ಕೊಯ್ದು ಕೈಯಾಗ ಕೊಡ್ತೀನಿ ಬೋಸುಡಿ. ನಡಿ.”

ಕರೆಮ್ಮ ತುಳಿದಳು. ಅವಳ ಹತ್ತು ಮಂದಿಯೂ ತುಳಿದರು. ಒಬ್ಬಾಕೆ ಕಾಲಿಗೆ ಹತ್ತಿದ ಸುಣ್ಣವನ್ನು ಹುಲ್ಲಿಗೆ ಒರೆಸಿ, ಬಾಯಲ್ಲಿನ ತಂಬಾಕು ಉಗುಳಿ ಮುಂದೆ ಹೋದಳು. ಅವರ್ಯಾರೂ ಆ ದೇಶವನ್ನು ಕಂಡವರಲ್ಲ. ಬೆಂಗಳೂರು ಕಂಡವರೂ ಇಬ್ಬರೇ, ಅದೂ ಕಟ್ಟಡದ ಕೆಲಸಕ್ಕೆ ಹೋಗಿ.

ಇನ್ನು ಉಳಿದದ್ದು ಬಂಗಾಲಿ ಗುಂಪು. ಒಂಬತ್ತು ಹೆಂಗಸರು ದಾರಿಯ ಪಕ್ಕದ ಜಾಲಿಯ ನೆರಳಲ್ಲಿ ಒತ್ತಾಗಿ ನಿಂತಿದ್ದರು. ಈ ವಿಡಿಯೊ ಇರುವುದೇ ತಮಗಾಗಿ ಎಂದು ಅವರಿಗೆ ಗೊತ್ತಿತ್ತು.

ಮುಂದೆ ನಿಂತವಳು ಮಾಲತಿ. ಅವಳ ಗಂಡ ನಿತಾಯ್ ನಾಲ್ಕು ದಿನದ ಹಿಂದೆ ಬಲೆಯ ದಾರ ತರಲು ಶಹಾಪುರದ ಸಂತೆಗೆ ಹೋದವನು ಮನೆಗೆ ಬಂದಿರಲಿಲ್ಲ. ಸಂತೆಯಲ್ಲಿ ಪೊಲೀಸರು ಜೀಪು ನಿಲ್ಲಿಸಿ ಹೆಸರು ಕೇಳಿದ್ದರು. ನಿತಾಯ್ ಮಂಡಲ ಅಂದ. ಊರು? ತಿಂಥಣಿ ಅಂದ. ಜೀಪಿನಲ್ಲಿದ್ದವರೆಲ್ಲ ನಕ್ಕರಂತೆ. ಅವನ ಅಪ್ಪ ಎಪ್ಪತ್ತೊಂದರ ಯುದ್ಧದ ವರ್ಷ ಹೊತ್ತಿ ಉರಿಯುವ ಊರು ಬಿಟ್ಟು ನಡೆದು ಬಂದ ಹುಡುಗ. ಸರಕಾರವೇ ರೈಲು ಹತ್ತಿಸಿ ತಂದು ನದಿಯಾಚೆಯ ನಿರಾಶ್ರಿತರ ಕ್ಯಾಂಪಿನಲ್ಲಿ ಇಳಿಸಿತ್ತು. ನಿತಾಯ್ ಹುಟ್ಟಿದ್ದು ಕ್ಯಾಂಪಿನಲ್ಲಿ. ನಾಟಿ ಕೆಲಸ ಹುಡುಕಿಕೊಂಡು ಈಚೆ ದಂಡೆಗೆ ಬಂದು ಕಾಲುವೆಯ ಮಗ್ಗುಲಲ್ಲಿ ಗುಡಿಸಲು ಹಾಕಿ ಮೂವತ್ತು ವರ್ಷ. ಅಪ್ಪನನ್ನು ಸುಟ್ಟದ್ದೂ ಇದೇ ಕೃಷ್ಣೆಯ ದಂಡೆಯಲ್ಲಿ.

ಮಾಲತಿ ಆಧಾರ್, ರೇಷನ್ ಕಾರ್ಡು, ವೋಟಿನ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ಹೋಗಿದ್ದಳು. “ಇವೆಲ್ಲಾ ರೊಕ್ಕಕ್ಕ ಸಿಗತಾವು. ಊರಾಗಿನ ಹೊಲ ಇದ್ದವರ ಸಹಿ ತಗೊಂಡು ಬಾ, ಪಂಚಾಯ್ತಿ ಮುದ್ರಿ ಹಾಕಿಸಿಕೊಂಡು. ಗುರುವಾರ ಸಂಜಿ ಐದರೊಳಗ. ಇಲ್ಲಂದ್ರ ರಾತ್ರಿ ರೈಲಿಗೆ ಗಡಿಗೆ ಹೊಂಡತಾನ ನಿನ ಗಂಡ” ಎಂದಿದ್ದರು.

ಇವತ್ತು ಗುರುವಾರ.

ನಿತಾಯ್ ಈ ಊರಿನವನೇ ಎನ್ನುವ ಪತ್ರವನ್ನು ಶಾಂತಕುಮಾರ ಬರೆದು ಮುದ್ರೆ ಒತ್ತಿ ತಂದಿದ್ದ. ಸಾವುಕಾರನ ಅಂಗಿಯ ಜೇಬಿನಲ್ಲಿ ಅದು ಮಡಿಚಿ ನಿಂತಿತ್ತು, ಪಕ್ಕದಲ್ಲಿ ಪೆನ್ನು. ಸಹಿ ಒಂದೇ ಬಾಕಿ.

“ಬಾರಬೇ ಮಾಲತಿ. ಯಾ ಮುಲ್ಕಿನಾಕಿ ನೀ, ತೋರಿಸು.”

ಮಾಲತಿ ಬಂದಳು, ತುಳಿದಳು. ಎರಡೂ ಅಂಗಾಲು ಊರಿ ಕೆಮ್ಮಣ್ಣಿನ ನಡುವೆಯೇ ನಿಂತಳು.

“ಸಾಕೇನ್ರಿ?”

“ಸಾವ್ಕಾರ್ರ, ಮುಖ ಸರಿ ಬರಲಿಲ್ರಿ. ಬಿಸಿಲು ಎದುರಿಗದ” ಎಂದ ಶಾಂತಕುಮಾರ.

“ಇನ್ನೊಮ್ಮೆ.”

ಇನ್ನೊಮ್ಮೆ ತುಳಿದಳು. ಜೈಕಾರ ಹಾಕು ಅಂದ, ಹಾಕಿದಳು. ಜೋರಾಗಿ ಅಂದ, ಜೋರಾಗಿ ಹಾಕಿದಳು. ಅತ್ತಿತ್ತ ನೋಡದೆ, ಅವನ ಜೇಬನ್ನಷ್ಟೇ ನೋಡುತ್ತ ಹಾಕಿದಳು.

“ನಮ್ಮ ಮಾವನ ಮನಿ ಸುಟ್ಟ ಊರ್ರಿ ಅದು. ಅದರ ಝಂಡಾ ನೂರು ಸಲ ತುಳಿ ಅಂದ್ರೂ ತುಳೀತೀನಿ. ಸಹಿ ಮಾಡ್ರಿ ಎಪ್ಪಾ.”

“ತಡಿ. ಅಕಿ ಯಾರು, ಬಿಳೇ ದುಪಟ್ಟಾ?”

ಮಾಲತಿಯ ಮಗಳು. ಸುರಪುರದ ಕಾಲೇಜಿನಲ್ಲಿ ಓದುವವಳು. ಅಪ್ಪನಿಲ್ಲದ ಮನೆಯಲ್ಲಿ ಒಬ್ಬಳನ್ನೇ ಬಿಡಬಾರದೆಂದು ತಾಯಿ ಕರೆತಂದಿದ್ದಳು. ಕಾಲೇಜಿನ ಬಟ್ಟೆಯ ಮೇಲೆಯೇ ಅಪ್ಪನ ಹಳೆಯ ಅಂಗಿ ತೊಟ್ಟಿದ್ದಳು, ರಾಡಿ ಹಾರೀತೆಂದು.

“ಹೆಸರೇನಬೇ?”

“ಮೌನೇಶ್ವರಿ.”

“ನಮ್ಮ ದೇವರ ಹೆಸರೂ ಬಿಡಲಿಲ್ಲಲ್ಲ ಸೂಳಿ ಮಕ್ಳು.”

“ಹರಕಿ ಹೊತ್ತಿದ್ದೆ ಎಪ್ಪಾ,” ಮಾಲತಿ ನಡುವೆ ಬಂದಳು. “ಮೂರು ಕೂಸು ಹೋದ ಮ್ಯಾಲೆ ಉಳದಾಕಿ. ಗುಡಿಯಾಗ ನಿಮ್ಮ ತಾಯಿನೇ ಹೆಸರಿಟ್ಟಾರ.”

ವಿಶ್ವರಾಧ್ಯ ಆ ಮಾತು ಕೇಳಿಸದವನಂತೆ ಬಾರುಕೋಲು ಚಾಚಿದ. “ನೀ ಬರೇ ತುಳದ್ರ ಸಾಲದು. ಓದಾಕಿ ಅದಿ. ಉಗುಳು ಅದರ ಮ್ಯಾಲೆ.”

ಮೌನೇಶ್ವರಿ ಬಿಳುಪಿನ ಅಂಚಿಗೆ ಬಂದು ನಿಂತಳು. ಬಾಯಿ ಒಣಗಿತ್ತು. ತುಟಿ ಮುಂದೆ ಮಾಡಿದರೂ ಏನೂ ಬರಲಿಲ್ಲ. ಶಾಂತಕುಮಾರ ಮೊಬೈಲನ್ನು ಅವಳ ಮುಖದ ಹತ್ತಿರ ಒಯ್ದ.

ಗದ್ದೆಯ ಒಡ್ಡಿನ ಮೇಲೆ ಕುಳಿತು ಇದನ್ನು ನೋಡುತ್ತಿದ್ದ ಕರೆಮ್ಮ ಮುಖ ತಿರುಗಿಸಿದಳು. ಹೋದ ತಿಂಗಳು ನಳದ ಹತ್ತಿರ ಅವಳೇ ಅಂದಿದ್ದಳು: ಈ ಬಂಗಾಲಿಗಳು ತೊಲಗಿದ್ರ ನಮ್ಮ ಕೈಗೆ ಪೂರಾ ಕೆಲಸ ಸಿಗತದ. ಸಾವುಕಾರನೂ ಇವತ್ತು ಬೆಳಿಗ್ಗೆ ಅದನ್ನೇ ಅವಳ ಕಿವಿಯಲ್ಲಿ ಹೇಳಿದ್ದ. ಅವನ ಬಾಯಿಂದ ಕೇಳಿದಾಗ ಆ ಮಾತು ತನ್ನದು ಅನಿಸಿರಲಿಲ್ಲ.

ಆಗ ರಸ್ತೆಯಲ್ಲಿ ಬೈಕಿನ ಸದ್ದಾಯಿತು. ಶಾಲೆಗೆ ಹೊರಟಿದ್ದ ಬುದ್ಧಪ್ರಿಯ ಮಾಸ್ತರ, ಕರೆಮ್ಮನ ಅಣ್ಣನ ಮಗ. ಗಾಡಿ ನಿಲ್ಲಿಸಿ ನೆಲ ನೋಡಿದ, ಮೊಬೈಲ್ ನೋಡಿದ, ಹುಡುಗಿಯ ತುಟಿ ನೋಡಿದ.

“ಏನು ನಡೆಸೀರಿ ಅತ್ತಿ ಇಲ್ಲಿ?”

“ಬಾಂಗ್ಲಾದ ಝಂಡಾ ತುಳಿಯಾಕತ್ತೇವಿ ಅಳಿಯಾ. ನೀನೂ ತುಳದು ಹೋಗು.”

ಬುದ್ಧಪ್ರಿಯ ನಕ್ಕುಬಿಟ್ಟ. ನಗಬಾರದಿತ್ತೇನೋ, ತಡೆಯಲಾಗಲಿಲ್ಲ.

“ಸಾವ್ಕಾರ್ರ, ಇದು ಜಪಾನಿನ ಝಂಡಾರಿ. ಬಾಂಗ್ಲಾದ್ದು ಹಸಿರು ಇರ್ತದ, ನಡುವ ಕೆಂಪು. ಬಿಳಿ ಮ್ಯಾಲೆ ಕೆಂಪು ಅಂದ್ರ ಜಪಾನ್.”

ಎಲ್ಲರೂ ಶಾಂತಕುಮಾರನ ಕಡೆ ತಿರುಗಿದರು. ಅವನು ಉಗುರು ನೋಡಿಕೊಂಡ.

“ಹಸಿರು ಬಣ್ಣ ಸಿಗಲಿಲ್ರಿ. ಅಂಗಡಿ ಬಂದ್ ಇತ್ತು. ಮನ್ಯಾಗ ಸುಣ್ಣ ಇತ್ತು. ನಡುವ ದುಂಡಗ ಕೆಂಪಂತೂ ಅದಲ್ರಿ…”

“ಹಂಗಾರ ನಾವು ಮುಂಜಾನಿಂದ ಯಾರನ್ನ ತುಳದ್ವಿ?” ಎಂದಳು ಕರೆಮ್ಮ. “ಪಾಪ, ಜಪಾನದವ್ರು ನಮಗೇನು ಮಾಡಿದ್ರು?”

ಈ ಸಲ ಹೆಂಗಸರು ಸೆರಗು ಮುಚ್ಚಿಕೊಳ್ಳದೆ ನಕ್ಕರು.

“ಅವರನ್ನೂ ಹಿಂಗೇ ತುಳಿಸ್ಯಾರ ಅತ್ತಿ. ಅವರದೇ ಝಂಡಾ, ಅವರ ಕಾಲಿಂದನೇ,” ಬುದ್ಧಪ್ರಿಯ ಬೈಕಿನಿಂದ ಇಳಿಯದೆ ಹೇಳಿದ. “ಬ್ರೆಜಿಲ್ ಅಂತ ಒಂದು ದೇಶ. ಜಪಾನಿನ ಬಡವರು ಅಲ್ಲಿ ಕಾಫಿ ತೋಟದ ಕೂಲಿಗೆ ಹೋಗಿದ್ರು. ದೊಡ್ಡ ಯುದ್ಧ ಆಗಿ ಜಪಾನ್ ಸೋತ್ತು. ಅಲ್ಲಿದ್ದ ಕೂಲಿ ಮಂದಿ ಭಾಳ ಜನ ನಂಬಲಿಲ್ಲ. ನಮ್ಮ ದೇಶ ಸೋಲಂಗಿಲ್ಲ, ಗೆದ್ದದ, ಹಡಗ ಕಳಿಸಿ ನಮ್ಮನ್ನ ಕರ್ಕೊಂಡು ಹೋಗ್ತಾರ ಅಂತ ಕುಂತ್ರು. ಸೋತದ ಅಂದವರನ್ನ ಅವರೇ ಕೆಲವರು ಕೊಂದ್ರು. ಪೊಲೀಸ್ರು ಸಿಕ್ಕಸಿಕ್ಕವರನ್ನ ಹಿಡದು, ಝಂಡಾ, ರಾಜನ ಪಟ ನೆಲಕ್ಕ ಹಾಕಿ, ತುಳೀರಿ ಅಂದ್ರು. ತುಳದ್ರ ಬಿಟ್ರು, ಇಲ್ಲಾಂದ್ರ ಜೇಲು.”

“ತುಳದವರು ಮನಿಗೆ ಹೋದ್ರೇನ್ರಿ ಮಾಸ್ತರ?” ಮಾಲತಿ ಕೇಳಿದಳು. ಅವಳೊಬ್ಬಳೇ ನಕ್ಕಿರಲಿಲ್ಲ.

“ಹೋದ್ರವ್ವಾ. ಮನ್ಯಾಗ ಅವರ ಮಂದಿನೇ ಅವರಿಗೆ ಮಾತು ಬಿಟ್ರು.”

“ಬಿಡವಲ್ರ್ಯಾಕ. ಮನಿಗೆ ಹೋದ್ರಲ್ಲ.”

ಬುದ್ಧಪ್ರಿಯ ಜೇಬಿಗೆ ಕೈ ಹಾಕಿ ಪೆನ್ನು ತೆಗೆದ. “ಸಾವ್ಕಾರ್ರ, ಆ ಪತ್ರ ಕೊಡ್ರಿ. ನಾ ಸಹಿ ಮಾಡ್ತೀನಿ.”

“ನಿಂದು ಪಹಣಿ ಅದೇನು?” ವಿಶ್ವರಾಧ್ಯ ಟ್ರ್ಯಾಕ್ಟರಿನಿಂದ ಇಳಿದ. “ನಿಮ್ಮಪ್ಪಂದಿತ್ತೇನು? ಹೊಲ ಇದ್ದವನ ಸಹಿ ಬೇಕು. ಪುಸ್ತಕ ಓದಿದವನದ್ದಲ್ಲ. ಶಾಲಿಗೆ ಹೋಗು, ಬಂದುಬಿಟ್ಟ ಜಪಾನ್ ಹೇಳಾಕ.”

ಹೆಂಗಸರ ನಗು ಅವನ ಕುತ್ತಿಗೆಯನ್ನು ಕೆಂಪಗೆ ಮಾಡಿತ್ತು. ಸುತ್ತ ನೋಡಿದ. ಟ್ರ್ಯಾಕ್ಟರಿನ ಟ್ರೇಲರ್ ತುಂಬ, ನಿನ್ನೆ ಸಂಜೆ ಮಡಿಯಿಂದ ಕಿತ್ತು ಕಟ್ಟಿದ ಭತ್ತದ ಸಸಿ. ಮೂರು ಎಕರೆಗೆ ಆಗುವಷ್ಟು. ಕಾಲುವೆ ನೀರಿನ ಪಾಳಿ ಇವತ್ತು ಸಂಜೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಅಷ್ಟನ್ನೂ ಹಚ್ಚಿ ಮುಗಿಸಬೇಕಿತ್ತು.

“ಹಸಿರು ಬೇಕಲ್ಲ? ಶಾಂತ್ಯಾ, ಸಸಿ ಬಿಚ್ಚು. ಆ ಬಿಳೀ ಎಲ್ಲಾ ಮುಚ್ಚಂಗ ಹಾಸು. ಕೆಂಪೊಂದು ಬಿಡು.”

ಶಾಂತಕುಮಾರ ಒಂದು ಕಟ್ಟು ತೆಗೆದು ನೆಲಕ್ಕೆ ಹಾಕಿದ. ಹಾಕಿದ ಕೈ ತಾನಾಗಿಯೇ ಅವನ ಕಣ್ಣಿಗೆ ಹೋಗಿ ಒತ್ತಿಕೊಂಡಿತು.

“ನಿನ್ನೌನ್, ಪೂಜಿ ಮಾಡಾಕತ್ತಿಯೇನಲೇ ಭಾಡ್ಯಾ? ಹಾಸು.”

ಹಾಸಿದ. ಸುಣ್ಣ ಮುಚ್ಚಿತು. ಎಳೆಯ ಸಸಿ, ಬೇರಿಗೆ ಮಡಿಯ ಮಣ್ಣು ಇನ್ನೂ ಒದ್ದೆ ಇತ್ತು.

“ಈಗ ಬಾ ಮಾಲತಿ. ಇದೊಂದು. ಮುಗೀತು. ಸಹಿ ಮಾಡಿ ಕೊಡ್ತೀನಿ.” ಜೇಬಿನಿಂದ ಪತ್ರ ತೆಗೆದು, ಟ್ರ್ಯಾಕ್ಟರಿನ ಬಾನೆಟ್ ಮೇಲೆ ಬಿಡಿಸಿ, ಪೆನ್ನಿನ ಟೋಪಿ ತೆಗೆದ.

ಮಾಲತಿ ಬಂದಳು. ಹಸಿರಿನ ಅಂಚಿನಲ್ಲಿ ನಿಂತು ಬಲಗಾಲು ಎತ್ತಿದಳು.

ನಾಟಿ ಮಾಡುವವರು ಹಿಂದೆ ಹಿಂದೆ ನಡೆಯುತ್ತಾರೆ. ಊರಿನವರಾಗಲಿ, ಕ್ಯಾಂಪಿನವರಾಗಲಿ ಎಲ್ಲರೂ ಹಾಗೆಯೇ. ಬಗ್ಗಿದ ಬೆನ್ನಿನಲ್ಲಿ, ಹಚ್ಚಿದ್ದು ಕಣ್ಣ ಮುಂದೆ, ಕಾಲು ಖಾಲಿ ರಾಡಿಗೆ. ಹಚ್ಚಿದ ಸಸಿಯ ಮೇಲೆ ಹೆಜ್ಜೆ ಬೀಳಬಾರದೆಂದು ಹಾಗೆ. ಮಾಲತಿ ಎಂಟು ವರ್ಷದವಳಿದ್ದಾಗಿನಿಂದ ಹಾಗೆ ನಡೆದಿದ್ದಳು. ತಪ್ಪಿ ಸಸಿಗೆ ಕಾಲು ತಾಗಿದರೆ ಸೋದರತ್ತೆ ಬೆನ್ನಿಗೆ ಗುದ್ದುತ್ತಿದ್ದಳು, ತಾಯಿಗೆ ಒದ್ದಂಗೆ ಅನ್ನುತ್ತಿದ್ದಳು.

ಎತ್ತಿದ ಕಾಲು ಹಾಗೇ ಇತ್ತು. ಕೆಮ್ಮಣ್ಣು ಹತ್ತಿದ ಅಂಗಾಲು ಎಲ್ಲರಿಗೂ ಕಾಣುತ್ತಿತ್ತು. ಅವಳು ಪತ್ರ ನೋಡಿದಳು. ಕಣ್ಣಲ್ಲಿ ನೀರು ಬಂತು. ಕಾಲನ್ನು ಹಿಂದಕ್ಕೆ ತಂದು ಮಣ್ಣಿಗೆ ಊರಿದಳು.

“ಆಗವಲ್ದ್ರಿ.”

“ಗಂಡ ಬ್ಯಾಡೇನು?”

“ಬೇಕ್ರಿ.”

“ಮತ್ತ?”

“ಕಾಲು ಇಳೀವಲ್ದು. ಅನ್ನರೀ ಅದು. ಬ್ಯಾರೆ ಏನರ ಹಾಸ್ರಿ. ನನ್ನ ಸೀರಿ ಹಾಸ್ರಿ, ಹಸಿರದ. ಬಿಚ್ಚಿ ಕೊಡ್ತೀನಿ.”

ವಿಶ್ವರಾಧ್ಯ ನಾಲ್ಕು ಹೆಜ್ಜೆ ಬಂದು ಅವಳ ಹೆರಳಿಗೆ ಕೈ ಹಾಕಿದ. ಮುಂದಕ್ಕೆ ಎಳೆದ. ಅವಳು ಮೊಣಕಾಲೂರಿ ಬಿದ್ದಳೇ ವಿನಾ ಸಸಿಯ ಮೇಲೆ ಬೀಳಲಿಲ್ಲ. ಎಳೆಯುವ ಜೋರಿನಲ್ಲಿ ಅವನ ಬೂಟು ಸಸಿಯ ನಡುವೆ ಊರಿತ್ತು. ಎಳೆಗಳು ಕಚಕ್ ಎಂದವು.

ಕರೆಮ್ಮ ಒಡ್ಡಿನಿಂದ ಎದ್ದು ಬಂದಳು. ಸಾವುಕಾರನ ಮುಖ ನೋಡಲಿಲ್ಲ. ಅವನ ಬೂಟಿನ ಹತ್ತಿರವೇ ಕುಕ್ಕರಗಾಲಲ್ಲಿ ಕುಳಿತು ಸಸಿ ಆಯತೊಡಗಿದಳು. ಮುರಿದದ್ದು ಒಂದು ಕಡೆ, ನೆಟ್ಟಗಿದ್ದದ್ದು ಒಂದು ಕಡೆ.

“ಕಾಲು ತಗೀರಿ ಸಾವ್ಕಾರ್ರ.”

“ಏನಂದಿ?”

“ಕಾಲು ತಗೀರಿ ಅಂದೆ.”

ತೆಗೆದ. ಯಾಕೆ ತೆಗೆದೆ ಎಂದು ಅವನಿಗೇ ತಿಳಿಯಲಿಲ್ಲ. ಕರೆಮ್ಮ ಉಳಿದ ಸಸಿಯನ್ನು ಹುಲ್ಲಿನಿಂದ ಕಟ್ಟಿ, ಕಣ್ಣಿಗೆ ಒತ್ತಿ, ಟ್ರೇಲರಿಗೆ ಇಟ್ಟಳು. ಆಮೇಲೆ ಮಾಲತಿಯ ರಟ್ಟೆ ಹಿಡಿದು ಎಬ್ಬಿಸಿ ಒಡ್ಡಿನ ಮೇಲೆ ಕೂರಿಸಿದಳು.

“ಗದ್ದ್ಯಾಗ ಇಳದವ್ರು ಮ್ಯಾಲೆ ಬರ್ರೆ.”

“ಯಾಕಬೇ ಕರೆವ್ವಾ?” ಗದ್ದೆಯಿಂದ ಒಬ್ಬಾಕೆ ಕೇಳಿದಳು.

“ಸಹಿ ಆಗೂತನ ಯಾರೂ ಇಳಿಯಂಗಿಲ್ಲ.”

“ನಿನಗೇನು ಬಂತಲೇ ರೋಗ?” ವಿಶ್ವರಾಧ್ಯ ಚೀರಿದ. “ಅಕಿ ನಿನ್ನ ಕುಲದಾಕಿ ಏನು?”

“ಅದು ನನಗ ಗೊತ್ತಿಲ್ರಿ. ಸಸಿ ಮ್ಯಾಲೆ ಕಾಲಿಡಲಿಲ್ಲ ಅಕಿ. ನೀವಿಟ್ರಿ.”

ಹತ್ತು ಮಂದಿ ಮೇಲೆ ಬಂದರು. ಬಂಗಾಲಿ ಗುಂಪಿನ ಉಳಿದವರು ಅವರ ಪಕ್ಕಕ್ಕೆ ಬಂದು ಕುಳಿತರು.

ವಿಶ್ವರಾಧ್ಯ ಬೇರೆ ಊರಿನ ನಾಟಿ ಗುಂಪುಗಳಿಗೆ ಫೋನು ಮಾಡಿದ. ಸಗರಕ್ಕೆ ಮಾಡಿದ, ಬೋನಾಳಕ್ಕೆ ಮಾಡಿದ. ಎಲ್ಲ ಗುಂಪುಗಳೂ ಎಲ್ಲೋ ರಾಡಿಯಲ್ಲಿದ್ದವು. ಹತ್ತೂವರೆ, ಹನ್ನೊಂದು. ಶಾಂತಕುಮಾರನಿಗೆ ಪ್ಯಾಂಟು ಮಡಿಸಿ ಇಳಿ ಅಂದ. ಅವನು ಇಳಿದು ಸಸಿ ಊರುತ್ತ ಮುಂದೆ ಮುಂದೆ ನಡೆದ. ಹಚ್ಚಿದ್ದನ್ನೆಲ್ಲ ತಾನೇ ತುಳಿಯುತ್ತ ಹೋದ. ಹೆಂಗಸರು ನೋಡಿದರು. ಯಾರಿಗೂ ನಗು ಬರಲಿಲ್ಲ.

ಬುದ್ಧಪ್ರಿಯ ಶಾಲೆಗೆ ಹೋಗಲಿಲ್ಲ. ಬೈಕಿನ ಮುಖವನ್ನು ಠಾಣೆಯ ದಾರಿಗೆ ತಿರುಗಿಸಿ ನಿಲ್ಲಿಸಿಕೊಂಡು ಕೂತ. ಇಲ್ಲಿಂದ ಒಂದೂವರೆ ತಾಸು.

ಒಂದು ಗಂಟೆಗೆ ಟ್ರೇಲರಿನ ಮೇಲಿನ ಸಾಲಿನ ಸಸಿಗಳು ತಲೆ ಬಾಗಿಸಿದವು. ಎರಡಕ್ಕೆ ತುದಿ ಹಳದಿಯಾದವು.

“ಮೊದಲು ಇಳೀರಿ. ಆಮ್ಯಾಗ ಸಹಿ ಮಾಡ್ತೀನಿ.”

“ಮೊದಲು ಸಹಿ ಮಾಡ್ರಿ.”

“ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನು?”

“ಇಲ್ರಿ.”

ಮೌನೇಶ್ವರಿ ತಾಯಿಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಪ್ಪನ ಅಂಗಿಯ ತುದಿಯಿಂದ ಅಂಗಾಲಿನ ಕೆಮ್ಮಣ್ಣು ಒರೆಸುತ್ತಿದ್ದಳು. ಬಿರುಕುಗಳೊಳಗೆ ಇಳಿದದ್ದು ಹೋಗುತ್ತಿರಲಿಲ್ಲ.

“ಟೈಮೆಷ್ಟಾತು ಅಕ್ಕಾ?” ಮಾಲತಿ ಕೇಳಿದಳು.

ಕರೆಮ್ಮ ಜಾಲಿಯ ನೆರಳು ನೋಡಿದಳು. ಮೂರು ದಾಟಿತ್ತು. ತೂಬಿನ ಹತ್ತಿರ ಇಷ್ಟು ಹೊತ್ತು ಗಳಗಳ ಅನ್ನುತ್ತಿದ್ದ ನೀರು ಸಣ್ಣಗಾಗಿ ಈಗ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಬಾನೆಟ್ ಮೇಲಿನ ಪತ್ರ ಗಾಳಿಗೆ ಒಮ್ಮೆ ಎದ್ದಿತು. ವಿಶ್ವರಾಧ್ಯ ಅದು ಹಾರದಂತೆ ಅಂಗೈ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಟೋಪಿ ತೆಗೆದ ಪೆನ್ನು ಇತ್ತು.