ಅರವತ್ತನೆಯ ಪೆಟ್ಟು

ಗಂಟೆಯಣ್ಣ ಒಮ್ಮೆ ಚರ್ಚಿನ ಗಂಟೆ ಬಾರಿಸಿದ ರಭಸಕ್ಕೆ ಆಕಾಶದಲ್ಲಿದ್ದ ಚಂದ್ರ ಎರಡು ಗೇಣು ಪಕ್ಕಕ್ಕೆ ಸರಿದುಬಿಟ್ಟಿದ್ದ. ಇವತ್ತಿಗೂ ಪೂರ್ತಿ ತನ್ನ ಜಾಗಕ್ಕೆ ಮರಳಿಲ್ಲ.

“ಬೇಕಾದ್ರೆ ಅಳೆದು ನೋಡು,” ಎಂದ ಗಂಟೆಯಣ್ಣ, ಗೋಪುರದ ಬುಡದ ಬೆಂಚಿನ ಮೇಲೆ ಕೂತು ಹಗ್ಗಕ್ಕೆ ಮೇಣ ತಿಕ್ಕುತ್ತಾ.

“ಟೇಪು ಸಾಲಲ್ಲ ಅಣ್ಣ,” ಎಂದ ಬೀಗದವನು. ಗೋಪುರದ ಗೋಡೆಗೆ ಆತುಕೊಂಡೇ ಅವನ ಬೀಗ ರಿಪೇರಿ ಅಂಗಡಿ. ಅವನ ಎಡಗಿವಿ ಸವೆದು ಎಷ್ಟೋ ಕಾಲವಾಗಿತ್ತು. ಸವೆದದ್ದು ಗಂಟೆಯಿಂದಲೋ ಗಂಟೆಯಣ್ಣನ ಮಾತಿನಿಂದಲೋ ಅವನಿಗೇ ತಿಳಿಯದು.

“ನಗು, ನಗು. ಆದ್ರೆ ಯಾರಾದ್ರೂ ಸತ್ತಾಗ ನನ್ನ ಎಣಿಕೆ ಒಂದ್ಸಲನಾದ್ರೂ ತಪ್ಪಿದೆಯಾ, ಹೇಳು?”

ಆ ಚರ್ಚಿನ ಹಳೆಯ ಪದ್ಧತಿ ಅದು. ತಮ್ಮವರು ಯಾರಾದರೂ ತೀರಿಕೊಂಡರೆ, ಬದುಕಿದ ವರ್ಷಕ್ಕೊಂದರಂತೆ ಗಂಟೆಯ ಪೆಟ್ಟು. ಎದುರಿನ ಬೇಕರಿಯವಳು ಹಿಟ್ಟು ನಾದುವುದನ್ನು ನಿಲ್ಲಿಸಿ ಎಣಿಸುತ್ತಾಳೆ. ಎಣಿಕೆ ನಿಂತಲ್ಲಿ ಯಾರೆಂದು ಊಹಿಸುತ್ತಾಳೆ. ತೊಂಬತ್ತಾರರ ಮುದುಕನಿಗೂ ಮೂರರ ಮಗುವಿಗೂ ಗಂಟೆಯಣ್ಣ ಎಡವಿದವನಲ್ಲ. ತೊಂಬತ್ತಾರಕ್ಕಿಂತ ಮೂರೇ ಭಾರ ಕಣೇ ಎಂದು ಒಮ್ಮೆ, ಬಡಾಯಿಯನ್ನೆಲ್ಲ ಮರೆತು, ಹೆಂಡತಿಯ ಹತ್ತಿರ ಹೇಳಿದ್ದ.

ಆ ಹೆಂಡತಿ ಹೋಗಿ ನಾಳೆಗೆ ಒಂದು ವರ್ಷ.

ಅವತ್ತು ಹಗ್ಗವನ್ನು ಬೇರೆಯವರ ಕೈಗೆ ಕೊಡಲು ಅವನು ಒಪ್ಪಿರಲಿಲ್ಲ. ಅವಳಿಗೆ ಅರವತ್ತು, ಅರವತ್ತು ಪೆಟ್ಟು. ಆ ನಾದಕ್ಕೆ ಏಳು ಊರಿನ ನಾಯಿಗಳು ಬೊಗಳುವುದು ಬಿಟ್ಟು ಮಂಡಿಯೂರಿದವು ಎಂದು ಕಂಡಕಂಡವರಿಗೆಲ್ಲ ಹೇಳಿದ್ದ. ಹೇಳದೆ ಉಳಿಸಿಕೊಂಡದ್ದು, ತಾನು ಆಮೇಲೆ ಒಂದು ದಿನವೂ ಚರ್ಚಿನೊಳಗೆ ಕಾಲಿಟ್ಟಿಲ್ಲ ಎಂಬುದನ್ನು. ಪೂಜೆಗೆ ಎಲ್ಲರನ್ನೂ ಕರೆಯುವವನು ಅವನೇ. ಅವರು ಒಳಗೆ ಹೋಗುತ್ತಿದ್ದಂತೆ ಹಿಂದಿನ ಗೇಟಿನಿಂದ ಮನೆಗೆ ಜಾರುವವನೂ ಅವನೇ.

ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಅಡುಗೆಮನೆಯ ಮೊಳೆಯಲ್ಲಿ ಅವಳ ಏಪ್ರನ್. ರಾತ್ರಿಯ ಊಟದ ಹೊತ್ತಿಗೆ ಗೋಡೆಗೆ ತನ್ನ ಸಾಹಸಗಳನ್ನು ಹೇಳುತ್ತಿದ್ದ. ಗೋಡೆ ಎಲ್ಲವನ್ನೂ ನಂಬುತ್ತಿತ್ತು. ಅದೇ ಸಹಿಸಲಾಗುತ್ತಿರಲಿಲ್ಲ, ಅವಳಾಗಿದ್ದರೆ ಎರಡನೇ ಮಾತಿಗೇ “ಸುಳ್ಳುಬುರುಕ” ಎನ್ನುತ್ತಿದ್ದಳು. ಪ್ರಾರ್ಥನೆಗೆ ಕೂತರೆ, ಇಷ್ಟು ಮಾತಿನ ಮನುಷ್ಯನಿಗೆ, ಮೊದಲ ಪದವೇ ಹೊರಡುತ್ತಿರಲಿಲ್ಲ.

ಗೋಪುರದ ಬಳಿ ಕೋಲಿನ ಸದ್ದಾಯಿತು. ಅತ್ತಿಗೆ. ಹೆಂಡತಿಯ ಅಕ್ಕ. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟ ಮೇಲೆ ಅವಳ ಕೈಯಲ್ಲಿ ಸದಾ ಜಪಸರ.

“ಬನ್ನಿ ಅತ್ತಿಗೆ. ಈ ಹಗ್ಗದಲ್ಲಿ ಒಂದು ಆನೆನ ಕಟ್ಟಿ...”

“ಆನೆ ಆಮೇಲೆ. ನಾಳೆ ಅವಳ ವರ್ಷದ ಪೂಜೆ. ನನ್ನ ಪಕ್ಕ ಬಂದು ಕೂರ್ತೀಯಾ ಇಲ್ವಾ, ಅಷ್ಟು ಹೇಳು.”

“ಗಂಟೆ ಬಾರಿಸೋರು ಯಾರು? ನಾನು ಕೈಬಿಟ್ರೆ ಗೋಪುರಾನೇ ವಾಲುತ್ತೆ.”

“ಬಾರಿಸಿ ಬಾ. ಇಲ್ಲಿಂದ ಹದಿನೈದು ಹೆಜ್ಜೆ.”

ಗಂಟೆಯಣ್ಣ ಮೇಣದ ತುಂಡನ್ನು ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು. ಬೀಗದವನು ನೆರವಿಗೆ ಬಂದ: “ಬಿಡಿ ಅಮ್ಮ, ಅಣ್ಣನಿಗೆ ಕಷ್ಟ ಆಗುತ್ತೆ. ಅವತ್ತು ಅರವತ್ತೂ ಹೊಡೆದ್ನಲ್ಲ, ಒಂದೂ ತಪ್ಪದೆ, ಅದೇ ದೊಡ್ಡದು.”

“ಐವತ್ತೊಂಬತ್ತು,” ಎಂದಳು ಅತ್ತಿಗೆ.

ಅಂಗಡಿಯಲ್ಲಿ ಕೀಲಿ ಉಜ್ಜುತ್ತಿದ್ದ ಅರದ ಸದ್ದು ನಿಂತಿತು.

“ನಿಮಗೂ ವಯಸ್ಸಾಯ್ತು. ಕಿವಿ...” ಎಂದ ಗಂಟೆಯಣ್ಣ.

“ಹೋಗಿರೋದು ಕಣ್ಣು ಕಣಯ್ಯ.” ತಡವಿ ಅವನ ಪಕ್ಕದಲ್ಲಿ ಕೂತಳು. ಜಪಸರವನ್ನು ಅವನ ಮೇಣದ ಅಂಗೈಯ ಮೇಲೆ ಸುರಿದಳು. “ಸಾವಿನ ಗಂಟೆನ ನಾನು ಇದರಲ್ಲೇ ಎಣಿಸೋದು. ಪೆಟ್ಟಿಗೊಂದು ಮಣಿ. ಇರೋದು ಐವತ್ತೊಂಬತ್ತು. ಅವತ್ತು ಮಣಿ ಎಲ್ಲಾ ಮುಗಿದು ಬೆರಳು ಶಿಲುಬೆಗೆ ಬಂತು. ಅರವತ್ತನೇದು ಇದರ ಮೇಲೆ ಬೀಳ್ಬೇಕಿತ್ತು. ಹಿಡ್ಕೊಂಡು ಕಾದೆ. ಬರಲೇ ಇಲ್ಲ.”

“ಗಾಳಿ ಜೋರಿತ್ತು. ಎತ್ಕೊಂಡು ಹೋಗಿರುತ್ತೆ.”

“ಸುಳ್ಳುಬುರುಕ,” ಎಂದಳು ಅತ್ತಿಗೆ. ಥೇಟ್ ತಂಗಿಯ ದನಿ. ಆಮೇಲೆ ಮೆಲ್ಲಗೆ, “ಇನ್ನೂ ಹಿಡ್ಕೊಂಡಿದೀನಿ ನೋಡು. ದಿನಾ ಜಪ ಮುಗಿದ ಮೇಲೆ ಇದರ ಹತ್ರ ಬಂದು, ನಿನ್ನ ಹೆಸರು ಹೇಳಿ, ಒಂದು ಗಳಿಗೆ ಕೂರ್ತೀನಿ. ಎಲ್ಲಿಗೂ ಹೋಗಿಲ್ಲ ಆ ಪೆಟ್ಟು.”

ಅಂಗೈಯಲ್ಲಿದ್ದ ಶಿಲುಬೆಯ ಅಂಚುಗಳು ಸವೆದು ನುಣುಪಾಗಿದ್ದವು. ಅವಳ ಬೆರಳಿನ ಬಿಸಿ ಇನ್ನೂ ಆರಿರಲಿಲ್ಲ. ಗಂಟೆಯಣ್ಣ ಅದನ್ನು ಅತ್ತಿಗೆಯ ಕೈಗೇ ಮರಳಿಸಿದ. ಎದ್ದು ನಿಂತ. ಹಗ್ಗಕ್ಕೆ ಎರಡೂ ಕೈ ಹಾಕಿ, ದೇಹವನ್ನೆಲ್ಲ ನೇತುಹಾಕಿ, ಒಂದೇ ಒಂದು ಸಲ ಎಳೆದ.

ಪೆಟ್ಟು ಬಿತ್ತು. ಬೀದಿ ನಿಂತಿತು. ಎಲ್ಲರೂ ಒಂದು ಎಂದು ಎಣಿಸಿ ಎರಡಕ್ಕೆ ಕಾದರು. ಎರಡು ಬರಲಿಲ್ಲ.

ಬೇಕರಿಯವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಅಯ್ಯೋ ದೇವರೇ, ಒಂದೇನಾ? ಯಾರ ಮನೆ ಮಗು ಅಣ್ಣ?”

ಗಂಟೆಯಣ್ಣ ಬಾಯಿ ತೆರೆದ. ಬೀಗದವನು ಚಂದ್ರನೋ ನಾಯಿಗಳೋ ಬರಬಹುದೆಂದು ಕಾದ.

“ಮಗು ಅಲ್ಲಮ್ಮ. ನನ್ನ ಹೆಂಡತಿದು. ಇದು ಅರವತ್ತನೇದು. ಅವತ್ತು ನಾನು ಹೊಡೀಲಿಲ್ಲ. ಹೊಡೆದ್ರೆ ಮುಗೀತು ಅಂತ ಆಗುತ್ತಲ್ಲ, ಕೈ ಬರ್ಲಿಲ್ಲ. ಎಲ್ಲರಿಗೂ ಸುಳ್ಳು ಹೇಳ್ದೆ.”

ಬೇಕರಿಯವಳು ಶಿಲುಬೆಯ ಗುರುತು ಮಾಡಿಕೊಂಡಳು. ಹಣೆಯ ಮೇಲೆ ಹಿಟ್ಟು ಬಿಳಿಯಾಗಿ ಉಳಿಯಿತು. ಮೇಲೆ ಗಂಟೆಯ ಗುಂಯ್‌ಗುಡುವಿಕೆ ಇನ್ನೂ ಅಡಗಿರಲಿಲ್ಲ. ಕೆಳಗೆ ಬೆಂಚಿನ ಮೇಲೆ ಅತ್ತಿಗೆಯ ಹೆಬ್ಬೆರಳು ಶಿಲುಬೆಯನ್ನು ಬಿಟ್ಟು ಮತ್ತೆ ಮೊದಲ ಮಣಿಗೆ ಸರಿಯಿತು.